ಅಕ್ಕನ ದವಡೆಗೆ ಕಾಲಿನ ಎಲುಬು

ಆಪರೇಷನ್ನಿಗೆ ಒಪ್ಪಲು ಅಕ್ಕ ಇಟ್ಟದ್ದು ಒಂದೇ ಷರತ್ತು. ಮೈಸೂರಿನ ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ ಸೆರಗನ್ನು ಎಡಗೆನ್ನೆಗೆ ಒತ್ತಿಕೊಂಡು ಕೂತಿದ್ದವಳು ನನ್ನ ಮೊಣಕೈ ಜಗ್ಗಿದಳು.

"ಬಾಯಲ್ಲಿ ಉಣ್ಣಂಗಾಯ್ತದಾ ಕೇಳು. ಆಯ್ತದೆ ಅಂದ್ರೆ ಕುಯ್ಲಿ. ಆಗಕಿಲ್ಲ ಅಂದ್ರೆ ನನ್ನ ಕಿರುಗಾವ್ಲು ಬಸ್ ಹತ್ತಿಸ್ಬುಡು."

"ನೀನೇ ಕೇಳಕ್ಕ. ನಿನ್ ಬಾಯಿ ತಾನೆ?"

"ನೀನು ಯಾಪಾರದೋಳು ಕಣೆ. ಮಾತು ಇಸ್ಕೊಳದು ನಿಂಗೆ ಗೊತ್ತು. ನಾನು ಕೇಳುದ್ರೆ ಮಗೀಗೆ ಸಮಾಧಾನ ಮಾಡ್ದಂಗೆ ಮಾಡಿ ಕಳಿಸ್ಬುಡ್ತಾರೆ."

ನಮ್ಮೆದುರಿನ ಬೆಂಚಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಅವಳ ಮೂಗಿನೊಳಕ್ಕೆ ಒಂದು ಸಣ್ಣ ಕೊಳವೆ ಇಳಿದಿತ್ತು. ಅವಳ ಮಗಳು ಸಿರಿಂಜಿನಲ್ಲಿ ಹಾಲು ತುಂಬಿ ಆ ಕೊಳವೆಗೆ ಬಿಡುತ್ತಿದ್ದಳು. ಹಾಲು ಹೋಗುತ್ತಿತ್ತು, ಆದರೆ ಆ ಹೆಂಗಸಿನ ಮುಖದಲ್ಲಿ ಏನನ್ನೋ ತಿಂದ ಗುರುತೇ ಇರಲಿಲ್ಲ. ಅಕ್ಕ ಅವಳನ್ನೇ ನೋಡುತ್ತಿದ್ದಳು.

ನಾನು ಮದ್ದೂರಿನಲ್ಲಿ ಎಳನೀರಿನ ಸಗಟು ವ್ಯಾಪಾರ ಮಾಡುವವಳು. ಇಪ್ಪತ್ತು ವರ್ಷಕ್ಕೂ ಮೊದಲು ಮೈಸೂರು ರಸ್ತೆಯ ಪಕ್ಕದ ಮರದಡಿ ಒಂದು ಗೋಣಿತಾಟು ಹಾಸಿ, ಐವತ್ತು ಕಾಯಿ ಗುಡ್ಡೆ ಹಾಕಿಕೊಂಡು ಶುರು ಮಾಡಿದ್ದು. ಮಚ್ಚು ಹಿಡಿದ ಹೆಂಗಸಿನ ಹತ್ತಿರ ಚೌಕಾಸಿ ಮಾಡಲು ಗಂಡಸರು ಸ್ವಲ್ಪ ಅಳುಕುತ್ತಾರೆ. ಆ ಅಳುಕೇ ನನ್ನ ಮೊದಲ ಬಂಡವಾಳ. ಹೊಸ ಹೆದ್ದಾರಿ ಊರನ್ನು ತಪ್ಪಿಸಿಕೊಂಡು ಹೋದ ಮೇಲೆ ರಸ್ತೆಬದಿಯ ವ್ಯಾಪಾರ ಬಿದ್ದುಹೋಯಿತು. ನಾನು ಅಷ್ಟರೊಳಗೆ ತೋಟದವರಿಂದ ಕಾಯಿ ಎತ್ತಿ ಲಾರಿಗೆ ತುಂಬಿಸುವ ಕೆಲಸಕ್ಕೆ ಇಳಿದಿದ್ದೆ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮಾತು ಕುದುರಿಸಿಯೇ ಬದುಕಿದವಳು ನಾನು. ಕುದುರದ ಮಾತು ಇಲ್ಲ ಅಂತಲೇ ನಂಬಿದ್ದೆ.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಆಮೇಲೆ ನನ್ನ ತಲೆ ಬಾಚಿದ್ದು, ಶಾಲೆಗೆ ಅಟ್ಟಿದ್ದು, ಮದುವೆಯಲ್ಲಿ ಅತ್ತದ್ದು ಎಲ್ಲ ಅವಳೇ. ಕಿರುಗಾವಲಿಗೆ ಅವಳನ್ನು ಮದುವೆ ಮಾಡಿ ಕೊಟ್ಟಿದ್ದು. ಮಕ್ಕಳಾಗಲಿಲ್ಲ, ಭಾವ ಹೋಗಿ ಬಹಳ ಕಾಲವಾಯಿತು. ಅಲ್ಲೇ ಗದ್ದೆಯಲ್ಲಿ ನಾಟಿ, ಕಳೆ ಅಂತ ದುಡಿದು ಜೀವನ ಮಾಡಿದವಳು. ನಾಟಿ ಹಾಕುವ ಹೆಂಗಸರು ಎಲೆ ಅಡಿಕೆಯ ಜೊತೆ ಹೊಗೆಸೊಪ್ಪನ್ನು ಕೆನ್ನೆಯ ಸಂದಿಗೆ ತುರುಕಿಕೊಂಡರೆ ಮಧ್ಯಾಹ್ನದವರೆಗೆ ಹಸಿವು ಗೊತ್ತಾಗುವುದಿಲ್ಲ. ಅಕ್ಕನದು ಎಡಗೆನ್ನೆ. ಅಲ್ಲಿ ಹುಣ್ಣಾದಾಗ ಅವಳು ಏನು ಮಾಡಿದಳು ಗೊತ್ತೆ? ಹೊಗೆಸೊಪ್ಪನ್ನು ಬಲಗೆನ್ನೆಗೆ ಬದಲಾಯಿಸಿದಳು. ಹುಣ್ಣಿಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ನನಗೆ ತಿಳಿಯುವ ಹೊತ್ತಿಗೆ ಕೆಳಗಿನ ಎರಡು ಹಲ್ಲು ತಾವಾಗಿಯೇ ಉದುರಿದ್ದವು.

ಇದನ್ನು ಓದುವವರು ನನ್ನದೊಂದು ಮಾತು ಕೇಳಿ. ಬಾಯಲ್ಲಿ ಆದ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ, ನೋವಿರಲಿ ಇಲ್ಲದಿರಲಿ, ಹೋಗಿ ತೋರಿಸಿ. ಅಕ್ಕನದು ನೋಯುತ್ತಿರಲಿಲ್ಲ. ಅದಕ್ಕೇ ಅವಳು ಸುಮ್ಮನಿದ್ದಳು.

ಡಾಕ್ಟರ ಕೋಣೆಗೆ ನಾನೊಬ್ಬಳೇ ಹೋದೆ. ಅವರು ಬಿಳಿ ಹಾಳೆ ಎಳೆದುಕೊಂಡು ಚಿತ್ರ ಬರೆದು ತೋರಿಸಿದರು. ರೋಗ ಎಡದವಡೆಯ ಎಲುಬಿಗೆ ಇಳಿದಿದೆ, ಅಷ್ಟುದ್ದ ಎಲುಬನ್ನು ಕೊಯ್ದು ತೆಗೆಯಲೇಬೇಕು. ತೆಗೆದು ಹಾಗೇ ಬಿಟ್ಟರೆ ಮುಖ ಒಂದು ಕಡೆಗೆ ಕುಸಿಯುತ್ತದೆ, ಬಾಯಿ ಕೂಡುವುದಿಲ್ಲ. ಮೊಣಕಾಲಿನ ಕೆಳಗೆ ಎರಡು ಎಲುಬುಗಳಿರುತ್ತವೆ. ಭಾರ ಹೊರುವುದು ದಪ್ಪನೆಯದು. ಅದರ ಹೊರಬದಿಯ ತೆಳ್ಳನೆಯ ಎಲುಬಿನಿಂದ ಒಂದು ಉದ್ದ ತುಂಡನ್ನು, ಅದರ ರಕ್ತನಾಳ ಮತ್ತು ಮೇಲಿನ ಒಂದಿಷ್ಟು ಚರ್ಮದ ಸಮೇತ ತೆಗೆದು, ದವಡೆಯ ಆಕಾರಕ್ಕೆ ಕತ್ತರಿಸಿ, ಲೋಹದ ಪ್ಲೇಟಿನಿಂದ ಬಿಗಿದು ಕೂರಿಸುತ್ತೇವೆ. ನಾಳವನ್ನು ಕತ್ತಿನ ನಾಳಕ್ಕೆ ಹೊಲಿಯುತ್ತೇವೆ. ಆಗ ಆ ಎಲುಬು ಅಲ್ಲೇ ಜೀವ ಹಿಡಿಯುತ್ತದೆ ಅಂದರು.

ನನಗೆ ಕಂಡದ್ದು ಒಂದೇ ದಾರಿ.

"ಆ ಎಲುಬು ನನ್ ಕಾಲಿಂದು ತಕ್ಕೊಳ್ಳಿ ಸ್ವಾಮಿ. ಅವಳು ಗದ್ದೇಲಿ ನಿಲ್ಲೋಳು. ನಂದು ಕುಂತ್ಕೊಂಡು ಮಾಡೋ ಯಾಪಾರ."

"ಆಗಲ್ಲಮ್ಮ. ಅವರದೇ ಬೇಕು. ಬೇರೆಯವರದನ್ನ ಮೈ ಒಪ್ಪೋದಿಲ್ಲ."

"ಬೇರೆಯವಳಲ್ಲ ಸ್ವಾಮಿ, ಒಂದೇ ಹೊಟ್ಟೇಲಿ ಹುಟ್ಟಿದೋರು."

"ಆದರೂ ಒಪ್ಪಲ್ಲ."

"ಅರ್ಧ ಅವಳದು, ಅರ್ಧ ನಂದು ಮಾಡಿದ್ರೆ?"

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು. "ಇಷ್ಟು ವರ್ಷದಲ್ಲಿ ಎಲುಬಿಗೆ ಚೌಕಾಸಿ ಮಾಡಿದವರು ನೀವೇ ಮೊದಲು" ಅಂದರು. ನಗು ಇಳಿದ ಮೇಲೆ ಅಕ್ಕನ ಪ್ರಶ್ನೆ ಕೇಳಿದೆ. ಅವರು ನೇರವಾಗಿಯೇ ಹೇಳಿದರು. ಬಹಳ ಜನ ಮತ್ತೆ ಬಾಯಲ್ಲಿ ಉಣ್ಣುತ್ತಾರೆ. ಕೆಲವರಿಗೆ ಆಗುವುದಿಲ್ಲ. ನಾಲಗೆಯ ಬುಡಕ್ಕೂ ಹೊಲಿಗೆ ಬೀಳುತ್ತದೆ, ಆಮೇಲೆ ಕಿರಣ ಚಿಕಿತ್ಸೆಯೂ ಇದೆ, ಆದ್ದರಿಂದ ಈಗಲೇ ಮಾತು ಕೊಡಲಾರೆ.

"ಕೊಟ್ಬುಡಿ ಸ್ವಾಮಿ, ಅವಳು ಬಸ್ ಹತ್ಬುಡ್ತಾಳೆ."

"ಕೊಡಲಾರೆನಮ್ಮ. ಸುಳ್ಳಾಗುತ್ತೆ."

ನಾನು ಆಚೆ ಬಂದೆ. ಅಕ್ಕ ಎದ್ದು ನಿಂತಿದ್ದಳು.

"ಮಾತು ಕೊಟ್ಟವ್ರೆ ಕಣಕ್ಕ. ಉಣ್ತೀಯಂತೆ."

"ಆಣೆ ಮಾಡುದ್ರಾ?"

"ಟೇಬಲ್ ಮ್ಯಾಲೆ ಕೈ ಇಟ್ಟು ಯೋಳುದ್ರು."

ಅವಳು ನನ್ನನ್ನು ಒಂದು ಗಳಿಗೆ ನೋಡಿ, "ಅಂಗಾದ್ರೆ ಕುಯ್ಲಿ ಬುಡು" ಅಂದಳು.

ಆಪರೇಷನ್ ಬೆಳಿಗ್ಗೆ ಶುರುವಾಗಿ ಮುಗಿದಾಗ ದೀಪ ಹಚ್ಚುವ ಹೊತ್ತು ದಾಟಿತ್ತು. ಮರುದಿನ ನನ್ನನ್ನು ಒಳಗೆ ಬಿಟ್ಟರು. ಅಕ್ಕನ ಮುಖ ಕುಂಬಳಕಾಯಿಯಂತೆ ಊದಿತ್ತು. ಉಸಿರಾಡಲು ಕತ್ತಿನಲ್ಲಿ ಒಂದು ಕೊಳವೆ, ಊಟಕ್ಕೆ ಮೂಗಿನಲ್ಲಿ ಒಂದು, ಎಡಗಾಲಿಗೆ ದಪ್ಪನೆಯ ಕಟ್ಟು. ಗಂಟೆಗೊಂದು ಸಲ ನರ್ಸಮ್ಮ ಬಂದು ಬಾಯೊಳಗೆ ಟಾರ್ಚು ಬಿಟ್ಟು ನೋಡುತ್ತಿದ್ದರು. ಅಲ್ಲಿ ಹೊಲಿದಿರುವ ಕಾಲಿನ ಚರ್ಮ ತಿಳಿಗೆಂಪಾಗಿ, ಬೆಚ್ಚಗಿದ್ದರೆ ರಕ್ತ ಓಡುತ್ತಿದೆ ಅಂತ ಅರ್ಥ. ನೀಲಿಗಟ್ಟಿದರೆ ತಕ್ಷಣ ಮತ್ತೆ ಆಪರೇಷನ್ ಕೋಣೆಗೆ.

"ನಾನೂ ನೋಡ್ಲಾ ಸಿಸ್ಟರ್?"

"ನೋಡಿ. ಮುಟ್ಟಬೇಡಿ."

ಬಗ್ಗಿ ನೋಡಿದೆ. ಕೆನ್ನೆಯ ಒಳಗೆ, ಒಸಡು ಇರಬೇಕಾದ ಜಾಗದಲ್ಲಿ, ಅಕ್ಕನ ಮೀನಖಂಡದ ಚರ್ಮ. ಅದರ ನಡುವೆ ಎಳ್ಳಿನಷ್ಟು ಒಂದು ಮಚ್ಚೆ. ಆ ಮಚ್ಚೆ ನನಗೆ ಗೊತ್ತಿತ್ತು. ಬದುವಿನ ಮೇಲೆ ಅವಳು ಸೀರೆ ಎತ್ತಿ ಕಟ್ಟಿ ಮುಂದೆ ಮುಂದೆ ನಡೆಯುತ್ತಿದ್ದಾಗ, ಹಿಂದೆ ಬರುತ್ತಿದ್ದ ಚಿಕ್ಕವಳ ಕಣ್ಣಿಗೆ ಬೀಳುತ್ತಿದ್ದುದು ಅದೇ. ಆ ಮಚ್ಚೆ ನೋಡಿಕೊಂಡೇ ನಾನು ನಡೆಯಲು ಕಲಿತೆ ಅಂದರೂ ತಪ್ಪಲ್ಲ. ನನ್ನ ಕಣ್ಣು ತುಂಬಿದ್ದು ನೋಡಿ ನರ್ಸಮ್ಮ, "ಚೆನ್ನಾಗಿದೆ ಅಮ್ಮ, ಬಣ್ಣ ಚೆನ್ನಾಗಿದೆ" ಅಂತ ಬೆನ್ನು ಸವರಿದರು.

ಐದು ದಿನ ಬಣ್ಣ ಹಾಗೇ ಇತ್ತು. ಕತ್ತಿನ ಕೊಳವೆ ತೆಗೆದ ದಿನ ಅಕ್ಕನಿಗೆ ಮಾತು ಬಂತು. ಬಾಯಲ್ಲಿ ಅಡಿಕೆ ತುಂಬಿಕೊಂಡವರ ಹಾಗೆ ಮಂದವಾಗಿ ಬಂತು, ಆದರೂ ಬಂತು. ನಾನು ಪಕ್ಕದ ಮಂಚದವರಿಗೆ ಹೇಗೆ ಮಲಗಬೇಕು, ಯಾವ ಹಣ್ಣಿನ ರಸ ಒಳ್ಳೆಯದು ಅಂತ ಉಪದೇಶ ಮಾಡುತ್ತಿದ್ದೆ. ಹಿಂದಿನಿಂದ ಮೊದಲ ಮಾತು:

"ಲೇ, ಬಾಯಿ ಮುಚ್ಚೆ."

ತಿರುಗಿ ನೋಡಿದೆ. ಊದಿದ ಮುಖದಲ್ಲೇ ನಗುತ್ತಿದ್ದಳು.

"ಮೊದ್ಲು ನಿನ್ನ ಒದೆಯಕ್ಕೆ ಕಾಲೆತ್ತಬೇಕಾಗಿತ್ತು. ಇನ್ ಮ್ಯಾಲೆ ಆ ಕಷ್ಟ ಇಲ್ಲ. ಬಾಯಲ್ಲೇ ಒದೀತೀನಿ."

ಎರಡು ವಾರವಾದ ಮೇಲೆ ಮೂಗಿನ ಕೊಳವೆಯನ್ನೂ ತೆಗೆದು ಮನೆಗೆ ಕಳಿಸಿದರು. ಕಿರುಗಾವಲಿಗೆ ಕಳಿಸದೆ ಮದ್ದೂರಿನ ನನ್ನ ಮನೆಗೇ ಕರೆತಂದೆ. ಅಕ್ಕ ವಾಕರ್ ಹಿಡಿದು ಅಂಗಳದಲ್ಲಿ ಓಡಾಡುತ್ತಿದ್ದಳು. ಆದರೆ ಕುಡಿಯುವಾಗ, ಉಣ್ಣುವಾಗ ಮಾತ್ರ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಕೆಳತುಟಿಯ ಎಡಭಾಗಕ್ಕೆ ಸ್ಪರ್ಶವೇ ಇರಲಿಲ್ಲ. ಹಾಲು ಗದ್ದದ ಮೇಲೆ ಇಳಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಅದನ್ನು ಯಾರೂ ನೋಡಬಾರದು. ನಾನೂ ನೋಡಬಾರದು.

ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದು ಸ್ಪಷ್ಟವಾಗಿಯೇ ಇತ್ತು. ಗಟ್ಟಿ ಬೇಡ, ಅಗಿಯುವಂಥದ್ದು ಬೇಡ, ಮೆತ್ತಗಿರುವುದನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿ, ಹೊಸದೇನಾದರೂ ಕೊಡುವ ಮೊದಲು ಕೇಳಿ. ನಾಲ್ಕು ದಿನ ಗಂಜಿ, ಹಾಲು, ಬೇಳೆಕಟ್ಟು ನಡೆಯಿತು. ಅಕ್ಕ ದಿನದಿನಕ್ಕೆ ಇಳಿಯುತ್ತಿದ್ದಳು. ಐದನೆಯ ದಿನ ಲೋಟ ಪಕ್ಕಕ್ಕೆ ತಳ್ಳಿದಳು.

"ಇದು ಕುಡಿಯದು ಕಣೆ. ಉಣ್ಣದಲ್ಲ. ಡಾಕ್ಟ್ರು ಉಣ್ಣದು ಅಂತ ತಾನೆ ಮಾತು ಕೊಟ್ಟಿದ್ದು?"

ಆ ಮಾತು ಕೊಟ್ಟಿದ್ದು ಡಾಕ್ಟರಲ್ಲ, ನಾನು. ಆಗ ನಾನು ಮಾಡಿದ ತಪ್ಪನ್ನು ಮಂಡ್ಯ ಸೀಮೆಯವರನ್ನು ಬಿಟ್ಟು ಬೇರೆ ಯಾರೂ ಮಾಡಲಾರರು. ರಾಗಿಮುದ್ದೆಯನ್ನು ನಾವು ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗುತ್ತೇವೆ. ಅಗಿದ ಮಗುವಿಗೆ ಏಟು ಬೀಳುತ್ತದೆ. ನನಗೂ ಅಕ್ಕನ ಕೈಯಿಂದ ಬಿದ್ದಿದೆ. ಅಗಿಯಬಾರದು, ಮೆತ್ತಗಿರಬೇಕು ಅಂದರೆ ಮುದ್ದೆಗಿಂತ ಬೇರೇನಿದೆ? ಕೇಳಿ ನೋಡಬೇಕು ಅನ್ನಿಸಲೇ ಇಲ್ಲ. ಅನ್ನಕ್ಕಿಂತ ಇದೇ ವಾಸಿ ಅಂತ ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಹಿಟ್ಟು ಕಡಿಮೆ ಹಾಕಿ ಎಳಸಾಗಿ ಮುದ್ದೆ ತಿರುವಿದೆ. ಉಪ್ಪೆಸರು ಮಾಡಿದೆ. ಅಕ್ಕ ಆ ವಾಸನೆಗೇ ಕಣ್ಣು ಮುಚ್ಚಿದಳು. ಗೋಡೆಗೆ ಮುಖ ಮಾಡಿ ಕೂತು, ಗೋಲಿಯಷ್ಟು ಮುರಿದು, ಅದ್ದಿ, ಬಾಯಿಗಿಟ್ಟಳು. ಮೊದಲ ತುತ್ತು ಇಳಿಯಿತು. "ಉಸ್ಸಪ್ಪಾ" ಅಂದಳು. ಎರಡನೆಯದನ್ನು ಸ್ವಲ್ಪ ದೊಡ್ಡದಾಗಿ ಮುರಿದಳು.

ನಾನು ಹಿಂದೆ ನಿಂತಿದ್ದೆ. ಮೊದಲು ಅವಳ ಭುಜ ಎದ್ದವು. ಆಮೇಲೆ ಕೈ ನೆಲವನ್ನು ಬಡಿಯಿತು. ಕೆಮ್ಮಲೂ ಆಗುತ್ತಿಲ್ಲ. ಮುಂದಕ್ಕೆ ಬಗ್ಗಿಸಿ ಭುಜಗಳ ನಡುವೆ ಗುದ್ದಿದೆ, ಮತ್ತೆ ಗುದ್ದಿದೆ. ಹೊಲಿಗೆ, ಪ್ಲೇಟು, ಕಾಲು ಯಾವುದೂ ನೆನಪಿಗೆ ಬರಲಿಲ್ಲ. ನಾಲ್ಕನೆಯದೋ ಐದನೆಯದೋ ಗುದ್ದಿಗೆ ಆ ತುತ್ತು ನೆಲಕ್ಕೆ ಬಿತ್ತು. ಅಕ್ಕ ಉಸಿರೆಳೆದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ನಮ್ಮ ಯಜಮಾನರು ಎಳನೀರು ಸಾಗಿಸುವ ಗೂಡ್ಸ್ ಆಟೋವನ್ನೇ ಬಾಗಿಲಿಗೆ ತಂದರು. ಮಂಡ್ಯದಲ್ಲಿ ತೋರಿಸಿ, ಅಲ್ಲಿಂದ ಮೈಸೂರಿಗೆ ಹೋದೆವು.

ಡಾಕ್ಟರು ಎಕ್ಸ್‌ರೇ ಫೋಟೋ ತೆಗೆಸಿ, ಗಂಟಲೊಳಗೆ ನೋಡಿ, ಎಲುಬು ಪ್ಲೇಟು ಎಲ್ಲ ಅಲುಗಾಡದೆ ಇದೆ ಅಂದರು. ಮತ್ತೆ ಮೂಗಿಗೆ ಕೊಳವೆ ಹಾಕಬೇಕು ಅಂದರು. ಅಕ್ಕ ಕುರ್ಚಿಯಲ್ಲಿ ನೇರವಾಗಿ ಕೂತು, ಒಂದೊಂದೇ ಪದ ಜೋಡಿಸಿ ಅವರನ್ನು ಕೇಳಿದಳು:

"ಸ್ವಾಮಿ, ಬಾಯಲ್ಲಿ ಉಣ್ತೀಯ ಅಂತ ಮಾತು ಕೊಟ್ಟಿದ್ರಲ್ಲ ನೀವು?"

ಡಾಕ್ಟರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ನನ್ನ ಮುಖದಲ್ಲೇ ಎಲ್ಲ ಇತ್ತು.

ಆಚೆ ಬಂದ ಮೇಲೆ ನಾನೇ ಬಾಯಿಬಿಟ್ಟೆ. "ಊಂ ಕಣಕ್ಕ, ಸುಳ್ಳು ಯೋಳ್ದೆ. ಯೋಳ್ದೆ ಇದ್ದಿದ್ರೆ ನೀನು ಬಸ್ ಹತ್ಬುಡ್ತಿದ್ದೆ."

"ಹತ್ತುದ್ರೆ ಹತ್ತಿದ್ದೆ. ನನ್ ಬಾಯಿ, ನನ್ ಕಾಲು. ನನ್ನ ಯಾಪಾರ ಕುದುರ್ಸಕ್ಕೆ ನಿಂಗ್ಯಾರು ಕೊಟ್ರು ಅಧಿಕಾರ?"

"ನೀನು ಇಲ್ದಂಗೆ ಆಗಬಾರ್ದು ಅಂತ" ಅಂದೆ. ಅದು ಉತ್ತರ ಅಲ್ಲ ಅಂತ ನನಗೂ ಗೊತ್ತಿತ್ತು. ಅಕ್ಕ ಮುಖ ತಿರುಗಿಸಿದಳು. ಆವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ಕಷ್ಟಪಟ್ಟು ವಾಪಸ್ ಪಡೆದ ಮಾತನ್ನು ನನಗೆ ಕೊಡಲಾರೆ ಅಂದುಕೊಂಡಿರಬೇಕು.

ಮಾತಿಲ್ಲದೆಯೇ ಚಿಕಿತ್ಸೆ ನಡೆಯಿತು. ಕಿರಣ ಕೊಡುವುದಕ್ಕೆ ನಮ್ಮ ಕಡೆ ಕರೆಂಟು ಕೊಡುವುದು ಅನ್ನುತ್ತಾರೆ. ಆರು ವಾರ, ಭಾನುವಾರ ಬಿಟ್ಟು, ದಿನವೂ ನಮ್ಮ ಆಟೋದಲ್ಲಿ ಮೈಸೂರಿಗೆ. ಬಾಯೆಲ್ಲ ಹುಣ್ಣಾಗಿ, ಎಂಜಲು ಒಣಗಿ, ಕತ್ತಿನ ಚರ್ಮ ಕಪ್ಪಾಯಿತು. ಕೊಳವೆಯಲ್ಲಿ ನಾನೇ ಅವಳಿಗೆ ಹಾಲು, ರಾಗಿ ಅಂಬಲಿ ಬಿಡುತ್ತಿದ್ದೆ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ನಾನು ಮಾತ್ರ ಊರಿನ ಸುದ್ದಿಯನ್ನೆಲ್ಲ ಒಂದೇ ಸಮನೆ ಹೇಳುತ್ತಿದ್ದೆ. ಯಾರ ಮನೆಯಲ್ಲಿ ಬೀಗರೂಟ, ಯಲಿಯೂರಿನ ತೋಟದವನು ಎಂಥ ಕಾಯಿ ಕಳಿಸಿದ, ಯಾರು ನನ್ನ ಎಣಿಕೆಯ ಬಗ್ಗೆ ತಕರಾರು ತೆಗೆದರು. ಒಂದು ದಿನ ಮಂಡ್ಯ ದಾಟಿದ ಮೇಲೆ ಆಟೋ ಕುಲುಕಿದಾಗ ಅವಳ ತಲೆ ನನ್ನ ಭುಜದ ಮೇಲೆ ಬಿತ್ತು. ತೆಗೆಯಲಿಲ್ಲ. ನಾನು ಮೈಸೂರಿನವರೆಗೆ ಅಲುಗಾಡದೆ ಕೂತೆ.

ಕರೆಂಟು ಮುಗಿದು ಹುಣ್ಣು ಮಾಯ್ದ ಮೇಲೆ ನುಂಗುವುದನ್ನು ಕಲಿಸುವವರ ಹತ್ತಿರ ಕಳಿಸಿದರು. ಅಂಥವರು ಇರುತ್ತಾರೆ ಅಂತಲೇ ನನಗೆ ಗೊತ್ತಿರಲಿಲ್ಲ. ಬೆಳಗಾವಿ ಕಡೆಯ ಒಬ್ಬ ಹುಡುಗಿ. ಮದುವೆ ಆಗಿದೆಯೋ ಇಲ್ಲವೋ ಅನ್ನುವ ವಯಸ್ಸು. ಕಾಗದ ಓದಿ ಕೇಳಿದಳು:

"ಗಂಟಲಾಗ ಏನು ಸಿಕ್ಕಿಬಿದ್ದಿತ್ರಿ?"

"ಮುದ್ದೆ" ಅಂದೆ.

"ಅಗಿಯೂದಕ್ಕ ಆಗೂದಿಲ್ಲಂತ ಗೊತ್ತಿದ್ದೂ ಮುದ್ದಿ ಕೊಟ್ರೇನ್ರಿ ಅಕ್ಕಾರ?"

"ಮುದ್ದೇನ ಯಾರವ್ವ ಅಗೀತಾರೆ?"

ಆ ಹುಡುಗಿ ಕೈಯಲ್ಲಿದ್ದ ಪೆನ್ನನ್ನು ಹಾಗೇ ಹಿಡಿದು ಕೂತಳು. "ಅಗಿಯಂಗಿಲ್ಲೇನ್ರಿ? ಹಂಗ ನುಂಗ್ತೀರಿ?"

"ಅಂಗೇ ನುಂಗದು."

"ಅಯ್ಯ ಶಿವನ. ನಮ್ಮ ಕಡೆ ರೊಟ್ಟಿ ಅಗದ ಅಗದ ದವಡಿ ಗಟ್ಟಿ ಮಾಡ್ಕೋತೀವ್ರಿ ನಾವು."

ಆಮೇಲೆ ಬಿಡಿಸಿ ಹೇಳಿದಳು. ಅಗಿಯುವುದು ಬೇರೆ, ನುಂಗುವುದು ಬೇರೆ. ಮುದ್ದೆಯ ತುತ್ತನ್ನು ಗಂಟಲಿಗೆ ದೂಡುವುದು ನಾಲಗೆ. ಅಕ್ಕನ ನಾಲಗೆಗೆ ಈಗ ಆ ಬಲ ಇಲ್ಲ. ಎಡಗಡೆ ಗಂಟಲಿಗೆ ತುತ್ತು ಬಂದದ್ದೇ ತಿಳಿಯುವುದಿಲ್ಲ. ನುಂಗುವ ಪದಾರ್ಥಗಳಲ್ಲೆಲ್ಲ ಕಷ್ಟದ್ದನ್ನೇ ನಾನು ಹುಡುಕಿ ಕೊಟ್ಟಿದ್ದೆ.

ಹಾಗಾಗಿ ಇನ್ನೊಂದು ಮಾತು ಹೇಳುತ್ತೇನೆ. ಆಸ್ಪತ್ರೆಯವರು ಮೆತ್ತಗಿನದು ಅಂದರೆ ತಲೆಯಾಡಿಸಿ ಬರಬೇಡಿ. ನಿಮ್ಮ ಮನೆಯಲ್ಲಿ ಮಾಡುವ ಅಡುಗೆಯ ಹೆಸರು ಒಂದೊಂದೇ ಹಿಡಿದು ಕೇಳಿ. ಮುದ್ದೆ ಆಗುತ್ತದಾ, ಇಡ್ಲಿ ಆಗುತ್ತದಾ, ಮೊಸರನ್ನ ಆಗುತ್ತದಾ? ದಡ್ಡರು ಅಂದುಕೊಂಡರೆ ಅಂದುಕೊಳ್ಳಲಿ. ಅವರು ಎಲ್ಲಿಯವರೋ, ನಿಮ್ಮ ತಟ್ಟೆ ಅವರಿಗೆ ಗೊತ್ತಿರುವುದಿಲ್ಲ.

ಅಭ್ಯಾಸ ಶುರು ಮಾಡುವ ಮೊದಲು ಆ ಹುಡುಗಿ ಅಕ್ಕನ ಎದುರಿಗೆ ಕುರ್ಚಿ ಎಳೆದುಕೊಂಡು, "ನಿಮಗ ಬೇಕೇನ್ರಿ ಇದು? ತಂಗಿಗಲ್ಲ, ನಿಮಗ?" ಅಂತ ಕೇಳಿದಳು. ನಾನು ಬಾಯಿ ತೆರೆದೆ. ಅಕ್ಕ ನನ್ನತ್ತ ಬೆರಳು ತೋರಿಸಿ, "ಇವ್ಳನ್ನ ಆಚೆ ಕೂರ್ಸವ್ವ. ಆಮೇಲೆ ಯೋಳ್ತೀನಿ" ಅಂದಳು.

ಆಚೆ ಕೂತೆ. ಎಲ್ಲೂ ಆಚೆ ಕೂತವಳಲ್ಲ ನಾನು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. "ಗದ್ದ ಕೆಳಗ್ರಿ, ಮುಖ ಎಡಕ್ಕ ತಿರುವ್ರಿ, ನುಂಗ್ರಿ, ಇನ್ನೊಮ್ಮೆ ನುಂಗ್ರಿ" ಅಂತ ಕೇಳುತ್ತಿತ್ತು. ಆಮೇಲೆ ಕೆಮ್ಮು. ಆಮೇಲೆ ಸುಮ್ಮನೆ. ಮತ್ತೆ ಅದೇ. ಎದ್ದು ಒಳಗೆ ಹೋಗಿ, ಹೀಗಲ್ಲ ಹಾಗೆ ಅನ್ನಬೇಕು ಅಂತ ಕಾಲು ತುರಿಸುತ್ತಿತ್ತು. ಹೋಗಲಿಲ್ಲ. ವಾರಕ್ಕೆರಡು ಸಲ, ಎಷ್ಟೋ ವಾರ ಹೀಗೆ ಆಚೆ ಕೂತಿದ್ದೇನೆ.

ಒಂದು ದಿನ ಒಳಗಿನಿಂದ ಆ ಹುಡುಗಿಯ ಮಾತು: "ನೀರು ಭಾಳ ಜಲ್ದಿ ಓಡ್ತೈತ್ರಿ ಗಂಟಲಿಗೆ, ಅದು ಈಗ ಬ್ಯಾಡ. ನುಣ್ಣಗ ಇರಬೇಕು, ಒಂಚೂರು ದಪ್ಪ ಇರಬೇಕು. ಎರಡು ದಿನಕ್ಕ ಇನ್ನೊಂಚೂರು ದಪ್ಪ. ಹಂಗ ಅಳತಿ ಮಾಡಿ ಕೊಡೂದು ಮನ್ಯಾಗ ಆಗ್ತೈತೇನ್ರಿ?"

ಅಕ್ಕ ಅಂದಳು: "ಆಚೆ ಕುಂತವ್ಳಲ್ಲ, ಅವಳನ್ನ ಕರಿ. ಎಳ್ನೀರು ಗಂಜಿ ಎಷ್ಟು ದಪ್ಪ ಅದೆ ಅಂತ ಕಾಯಿ ಒಡೀದೆ ಯೋಳ್ತಾಳೆ ಅವ್ಳು."

ಆಗ ನಾನು ಕುರ್ಚಿಯಿಂದ ಎದ್ದದ್ದು ನೋಡಿದವರು ನನ್ನ ಹೆಸರನ್ನು ಬಹುಮಾನಕ್ಕೆ ಕೂಗಿದ್ದಾರೆ ಅಂದುಕೊಳ್ಳಬೇಕು.

ಎಳನೀರಿನ ಒಳಗಿನ ಬಿಳಿ ತಿರುಳಿಗೆ ನಾವು ಗಂಜಿ ಅನ್ನುತ್ತೇವೆ. ಕಾಯಿ ಎಳಸಾಗಿದ್ದಾಗ ಅದು ಮೊಸರಿನ ಕೆನೆಯ ಹಾಗೆ ಇರುತ್ತದೆ. ದಿನ ಕಳೆದಂತೆ ಬಲಿತು, ಕೊನೆಗೆ ಅಗಿಯುವ ಕಾಯಿಯಾಗುತ್ತದೆ. ಮಚ್ಚಿನ ಬೆನ್ನಿನಿಂದ ತಟ್ಟಿದರೆ ಬರುವ ಸದ್ದಿನಲ್ಲೇ ಎಷ್ಟು ಬಲಿತಿದೆ ಅಂತ ಹೇಳಬಹುದು. ಒಂದು ಕಾಯಿ ತೆಗೆದುಕೊಂಡು ಹೋಗಿ ಆ ಹುಡುಗಿಗೆ ತೋರಿಸಿದೆ. ಅವಳು ಕೆನೆಯಂಥ ಗಂಜಿಯನ್ನು ಚಮಚದಲ್ಲಿ ಎತ್ತಿ ಇಳಿಬಿಟ್ಟು ನೋಡಿ, ಅದರದೇ ನೀರಿನಲ್ಲಿ ನುಣ್ಣಗೆ ರುಬ್ಬಿ, ಸೋಸಿ ಕೊಡಿ ಅಂದಳು. ಅವಳು ಒಪ್ಪಿದ ಮೇಲೆಯೇ ಮನೆಯಲ್ಲಿ ಕೊಟ್ಟದ್ದು. ಈ ಸಲ ನಾನು ಪ್ರತಿಯೊಂದನ್ನೂ ಕೇಳಿ ಮಾಡಿದೆ. ಅವಳಿಗೆ ಸಾಕಾಗಿರಬೇಕು.

ಬೆಳಿಗ್ಗೆ ಲೋಡು ಬಂದ ಕೂಡಲೇ ಮೊದಲ ಕೆಲಸ ಅಕ್ಕನ ಕಾಯಿ ಆರಿಸುವುದು. ಸಾವಿರ ಕಾಯಿಯಲ್ಲಿ ಮೂರು. ಈ ವಾರ ಇಷ್ಟು ದಪ್ಪ, ಮುಂದಿನ ವಾರ ಅದಕ್ಕಿಂತ ಒಂದು ಕೂದಲೆಳೆ ಹೆಚ್ಚು. ರುಬ್ಬುವುದನ್ನೂ ಹಂತಹಂತವಾಗಿ ಕಡಿಮೆ ಮಾಡಿದೆ. ಜೊತೆಗೆ ಗಟ್ಟಿ ಅಂಬಲಿ, ಆಮೇಲೆ ಹಿಚುಕಿದ ಬಾಳೆಹಣ್ಣು, ಆಮೇಲೆ ಬೇಳೆಯಲ್ಲಿ ಕಿವುಚಿದ ಅನ್ನ. ಒಂದು ದಿನ ಆ ಹುಡುಗಿ ಫೋನು ಮಾಡಿ, ಡಾಕ್ಟರು ಕೊಳವೆ ತೆಗೆಯೋಣ ಅಂದಿದ್ದಾರೆ ಅಂದಳು. ತೆಗೆದರು. ಮುದ್ದೆ ಈಗಲೂ ಇಲ್ಲ. ಬರುತ್ತದೋ ಇಲ್ಲವೋ, ನಾನು ಮಾತು ಕೊಡುವುದಿಲ್ಲ. ಅಕ್ಕನೂ ಕೇಳಿಲ್ಲ.

ಅಕ್ಕ ನನ್ನ ಜೊತೆ ಮತ್ತೆ ಮಾತಾಡುತ್ತಿದ್ದಳು. ಆದರೆ ಗೋಡೆ ಬಿಟ್ಟಿರಲಿಲ್ಲ. ಬಟ್ಟಲು ಕೈಗೆ ಬಂತು ಅಂದರೆ ಬೆನ್ನು ನಮಗೆ. ಯಜಮಾನರ ಎದುರಿಗೂ ಇಲ್ಲ, ನನ್ನ ಎದುರಿಗೂ ಇಲ್ಲ. ಕಿರುಗಾವಲಿಗೆ ಹೋಗಬೇಕು ಅನ್ನುತ್ತಿದ್ದಳು, ಆದರೆ ಹೋಗುತ್ತಿರಲಿಲ್ಲ. ಹೋದರೆ ನೆಂಟರು ಊಟಕ್ಕೆ ಕರೆಯುತ್ತಾರಲ್ಲ. ಬಾಯಲ್ಲಿ ಉಣ್ಣುವುದು ಅಂದರೆ ಬರೀ ಗಂಟಲಿನ ಕೆಲಸವಲ್ಲ ಅಂತ ನನಗೆ ಆಗ ತಿಳಿಯಿತು. ನಾಲ್ಕು ಜನರ ಮುಂದೆ ಕೂತು ಉಣ್ಣುವುದೂ ಅದರಲ್ಲಿ ಸೇರಿದೆ. ಅದನ್ನು ಕಲಿಸುವವರು ಯಾವ ಆಸ್ಪತ್ರೆಯಲ್ಲೂ ಇಲ್ಲ. ತಿರುಗಿ ಕೂರು ಅಂತ ಎರಡು ಸಲ ಹೇಳಿದೆ. ಎರಡು ಸಲವೂ ಬಟ್ಟಲು ಕೆಳಗಿಟ್ಟು ಎದ್ದುಹೋದಳು. ಆಮೇಲೆ ನಾನು ಬಾಯಿ ಮುಚ್ಚಿಕೊಂಡೆ.

ಹೋದ ತಿಂಗಳು, ಒಂದು ಬೆಳಿಗ್ಗೆ. ಬೆಂಗಳೂರಿನಿಂದ ಲೋಡು ಎತ್ತಲು ಬಂದವನು ಮನೆ ಪಕ್ಕದ ನಮ್ಮ ಮಂಡಿಯ ಅಂಗಳದಲ್ಲಿ ಕಾಯಿ ಗುಡ್ಡೆಯ ಮುಂದೆ ನಿಂತಿದ್ದ. ಹಳೇ ಗಿರಾಕಿ, ಗಟ್ಟಿ ಆಸಾಮಿ. ಅಕ್ಕ ಹಿಂದುಗಡೆ ಕಟ್ಟೆಯ ಮೇಲೆ ಗೋಡೆಗೆ ಮುಖ ಮಾಡಿ ಗಂಜಿ ಉಣ್ಣುತ್ತಿದ್ದಳು. ಆವತ್ತು ಮೊದಲ ಸಲ ಗಂಜಿಯನ್ನು ರುಬ್ಬದೆ, ಸಣ್ಣ ಚೂರು ಮಾಡಿ ಕೊಟ್ಟಿದ್ದೆ. ಆ ಹುಡುಗಿ ಒಪ್ಪಿಗೆ ಕೊಟ್ಟಿದ್ದಳು. ಆದರೂ ನನ್ನ ಕಣ್ಣೆಲ್ಲ ಅಕ್ಕನ ಬೆನ್ನಿನ ಮೇಲೇ. ಭುಜ ಏಳುತ್ತದಾ, ಕೈ ನೆಲ ಬಡಿಯುತ್ತದಾ ಅಂತ. ಅವನು ಒಂದು ರೇಟು ಹೇಳಿದ. ನನಗೆ ಕೇಳಿಸಿತು, ಆದರೆ ಒಳಗೆ ಇಳಿಯಲಿಲ್ಲ. "ಆಯ್ತು, ತುಂಬ್ಕೊ" ಅಂದುಬಿಟ್ಟೆ. ಹುಡುಗರು ಲಾರಿಗೆ ಕಾಯಿ ಏರಿಸಲು ಶುರು ಮಾಡಿದರು.

"ಲೇ! ಬುದ್ಧಿ ಎಲ್ಲಿ ಮಡಗಿದ್ದೀಯೆ?"

ಅಕ್ಕ ಕೂತಲ್ಲೇ ಪೂರ್ತಿ ತಿರುಗಿದ್ದಳು. ಕೈಯಲ್ಲಿ ಬಟ್ಟಲು, ಗದ್ದದ ಮೇಲೆ ಬಿಳಿ ಗಂಜಿಯ ನೀರು.

"ಆ ರೇಟ್ಗೆ ಖಾಲಿ ಬುರುಡೆನೂ ಬರಕಿಲ್ಲ. ಇಳಿಸಪ್ಪ, ಲಾರಿಯಿಂದ ಇಳಿಸು."

ಗಿರಾಕಿ ನಕ್ಕ. "ಏನಕ್ಕ, ಆಪರೇಷನ್ ಆದೋರು ವಸಿ ಸುಮ್ಕಿರಬಾರ್ದಾ?"

"ಆಪರೇಸನ್ ಆಗಿರದು ದವಡೆಗೆ ಕಣಪ್ಪ. ಲೆಕ್ಕಕ್ಕಲ್ಲ. ನಿನ್ ಕೊನೇ ರೇಟು ಯೋಳು."

ಅವನು ಹೇಳಿದ. ಅಕ್ಕ ಒಂದು ಚಮಚ ಗಂಜಿ ಬಾಯಿಗಿಟ್ಟಳು. ಗದ್ದ ಇಳಿಸಿ, ಮುಖವನ್ನು ಎಡಕ್ಕೆ ತಿರುಗಿಸಿ, ನುಂಗಿದಳು. ಸ್ವಲ್ಪ ತಡೆದು ಇನ್ನೊಮ್ಮೆ ನುಂಗಿದಳು. ಅಷ್ಟು ಹೊತ್ತೂ ಅವನು ನಿಂತೇ ಇದ್ದ. ರೇಟು ಹೇಳಿದವನ ಎದುರು ಸುಮ್ಮನೆ ಕೂರುವುದು ಎಷ್ಟು ಕಷ್ಟ ಅಂತ ವ್ಯಾಪಾರದವರಿಗೆ ಗೊತ್ತು. ನನಗೇ ಅದು ಸರಿಯಾಗಿ ಬರುವುದಿಲ್ಲ. ಅವನು ಕಾಲು ಬದಲಾಯಿಸಿದ, ಟವೆಲ್ಲಿನಿಂದ ಮುಖ ಒರೆಸಿದ. ಅಕ್ಕ ಇನ್ನೊಂದು ಚಮಚ ಬಾಯಿಗಿಟ್ಟು, ಗದ್ದ ಇಳಿಸಿ, ಮುಖ ತಿರುಗಿಸಿದಳು. ಅವಳು ಎರಡನೆಯ ಸಲ ನುಂಗುವಷ್ಟರಲ್ಲಿ ಅವನೇ ರೇಟು ಏರಿಸಿದ.

"ಅಂಗೆ ಬಾ ದಾರಿಗೆ" ಅಂದಳು ಅಕ್ಕ.

ಲಾರಿ ತುಂಬುವವರೆಗೂ ಅವಳು ಅಂಗಳಕ್ಕೇ ಮುಖ ಮಾಡಿ ಕೂತಿದ್ದಳು. ಹುಡುಗರಿಗೆ ಎಣಿಕೆ ತಪ್ಪಿತು ಅಂತ ಬೈದಳು. ಗದ್ದದ ಮೇಲೆ ಇಳಿದದ್ದನ್ನು ಮುಂಗೈಯಿಂದ ಒರೆಸಿಕೊಂಡಳು. ಒರೆಸದೆಯೂ ಬಿಟ್ಟಳು. ಬಟ್ಟಲು ಖಾಲಿಯಾದಾಗ ನನ್ನ ಕಡೆ ಚಾಚಿದಳು.

"ಏನೇ ಅಂಗೇ ನೋಡ್ತಿದ್ದೀಯೆ? ಇನ್ನೊಂದ್ವಸಿ ಹಾಕು."